ಕೊನೆಯಿಲ್ಲದ ಹಾಡಿಗೊಂದು ಬಾಗಿಲು

ಪ್ರೀತಿಯ ಅಕ್ಕನಿಗೆ,

ನಮ್ಮ ಹಾಡು ನಿನಗೆ ನೆನಪಿರಬೇಕು. 'ಫೋನ್ ಮಾಡ್ತೀನಿ ಅಂದೆಯಲ್ಲಾ' ಎಂದು ರೇಡಿಯೋದಲ್ಲಿ ಒಬ್ಬಳು ಗೋಗರೆಯುತ್ತಿದ್ದಳು, ಹಿಂದೆ ಯಂತ್ರದ ಡ್ರಮ್ಮು ದಬದಬ ಎನ್ನುತ್ತಿತ್ತು. ಅಮ್ಮ ಇಸ್ತ್ರಿ ಮಾಡುತ್ತಲೇ, "ಅದೇನ್ ಹಾಡೋ, ತಗಡಿನ ಮೇಲೆ ಕಲ್ಲು ಸುರಿದ ಹಾಗೆ" ಎನ್ನುತ್ತಿದ್ದಳು. ಆ ಹಾಡನ್ನು ನಾವೀಗ ಐನೂರು ವರ್ಷ ಹಿಂದಕ್ಕೆ ಕಳುಹಿಸುತ್ತಿದ್ದೇವೆ.

ನಾವು ಎಂದರೆ ನಾಲ್ವರು. ಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಲ್ಲಿ ವಿಯೋಲ್ ನುಡಿಸುವ ಮೇಷ್ಟ್ರು, ಮರದ ಕೊಳಲಿನ ಹಲ್ಲಿನ ಡಾಕ್ಟರು, ಹಾಡುವ ಟೈಲರ್ ಅಮ್ಮ, ಮತ್ತು ಲ್ಯೂಟ್ ಹಿಡಿದ ನಾನು. ಲ್ಯೂಟನ್ನು ನೀನು ನೋಡಿಲ್ಲ. ಬೆರಳಿನಲ್ಲಿ ಮೀಟುವ ತಂತಿವಾದ್ಯ, ಅರ್ಧ ಕುಂಬಳಕಾಯಿಯಂಥ ಬೆನ್ನು ಅದಕ್ಕೆ. ಸೋಪು ಹಚ್ಚಿದ ಮಗುವಿನಂತೆ ಮಡಿಲಿನಿಂದ ಜಾರುತ್ತಲೇ ಇರುತ್ತದೆ. ಭಾನುವಾರ ಬೆಳಿಗ್ಗೆ ಟೈಲರ್ ಅಮ್ಮನ ಅಂಗಡಿಯ ಹಿಂದಿನ ಕೋಣೆಯಲ್ಲಿ, ತೂಗುಹಾಕಿದ ಅರೆಹೊಲಿದ ಕೋಟುಗಳ ನಡುವೆ ಅಭ್ಯಾಸ. ಕಣ್ಣು ಅರೆ ಮುಚ್ಚಿದರೆ ಆ ಕೋಟುಗಳೇ ನಿಂತು ಕೇಳುತ್ತಿರುವಂತೆ ಕಾಣುತ್ತದೆ.

ಐನೂರು ವರ್ಷದ ಹಿಂದೆ ಯುರೋಪಿನವರು ಎಲ್ಲರಿಗೂ ಗೊತ್ತಿರುವ ಹಾಡೊಂದನ್ನು ಹಿಡಿದು, ಅದರ ಒಂದೊಂದು ಸ್ವರವನ್ನೂ ಉದ್ದಕ್ಕೆ ಎಳೆದು, ಕೆಳದನಿಯಲ್ಲಿ ಬಚ್ಚಿಡುತ್ತಿದ್ದರಂತೆ. ಉಳಿದ ದನಿಗಳು ಅದರ ಮೇಲೆ ಓಡಾಡುತ್ತವೆ. ಕೇಳುವವರಿಗೆ ಹಾಡಿನ ಗುರುತು ಹತ್ತುವುದಿಲ್ಲ. ಆದರೂ ಕನಸಿನಲ್ಲಿ ಕಂಡ ಮನೆ ನಮ್ಮದೇ ಎಂದು ತಿಳಿಯುವ ಹಾಗೆ ಏನೋ ತಿಳಿಯುತ್ತಿರುತ್ತದೆ. ನಮ್ಮ ಹಾಡನ್ನು ಹಾಗೆ ಎಳೆಯುವುದು ಮೇಷ್ಟ್ರ ಕೆಲಸ.

"ಹಲ್ಲು ಕೀಳೋಕೂ ನಾನು ಇಷ್ಟು ಹೊತ್ತು ಎಳೆಯಲ್ಲ ಮೇಷ್ಟ್ರೇ" ಎಂದರು ಡಾಕ್ಟರು.

"ನಿಮ್ಮ ಹತ್ರ ಬಂದೋರು ಕಿರುಚ್ತಾರೆ, ನನ್ನ ಹತ್ರ ಬಂದೋರು ನಿದ್ದೆ ಹೋಗ್ತಾರೆ. ಸುಮ್ನೆ ಊದ್ರೀ."

ಎಲ್ಲ ಕೂಡಿಬಂತು, ಕೊನೆಯೊಂದನ್ನು ಬಿಟ್ಟು. ಆ ಹಾಡಿಗೆ ಕೊನೆಯೇ ಇಲ್ಲವಲ್ಲ ಅಕ್ಕ. ಅದೇ ಸಾಲು ಮತ್ತೆ ಮತ್ತೆ ಬಂದು, ಸಣ್ಣದಾಗಿ, ಇನ್ನೂ ಸಣ್ಣದಾಗಿ, ಇಲ್ಲವಾಗುತ್ತದೆ. ನಾವು ಹಾಗೆ ಮಾಡಲು ಹೋದರೆ ಸುಸ್ತಾದವರಂತೆ ಕೇಳಿಸಿತು. ಕೊನೆಗೆ ಮೇಷ್ಟ್ರು, "ಹಳೇ ಕ್ರಮದಲ್ಲಿ ಎಲ್ಲರೂ ಒಂದೇ ಸ್ವರಕ್ಕೆ ಬಂದು ನಿಂತುಬಿಡೋಣ. ಮುಗಿದದ್ದು ಮುಗಿದ ಹಾಗೇ ಕೇಳಿಸಲಿ" ಎಂದರು. ನಿಂತೆವು. ಎಷ್ಟು ಚೆನ್ನಾಗಿ ಮುಗಿಯಿತೆಂದರೆ ನಾನು ಲ್ಯೂಟನ್ನು ಕೆಳಗಿಟ್ಟುಬಿಟ್ಟೆ.

ಚಿಕ್ಕಂದಿನಲ್ಲಿ ಆ ಹಾಡು ಸಣ್ಣದಾಗುತ್ತಿದ್ದಂತೆ ನೀನು ಸ್ಟೂಲು ಹತ್ತಿ, ಫ್ರಿಜ್ಜಿನ ಮೇಲಿದ್ದ ರೇಡಿಯೋಗೆ ಕಿವಿ ಒತ್ತಿ ನಿಂತಿರುತ್ತಿದ್ದೆ. ನಾನು ಕೆಳಗಿನಿಂದ "ಮುಗೀತಾ?" ಎನ್ನುತ್ತಿದ್ದೆ. "ಮುಗಿದಿಲ್ಲ ಕಣೇ ಪೆದ್ದಿ. ಅವರು ಬಾಗಿಲು ಹಾಕ್ಕೊಂಡು ಒಳಗೆ ಹಾಡ್ತಾನೇ ಇದಾರೆ. ನಮಗೆ ಕೇಳ್ತಿಲ್ಲ, ಅಷ್ಟೇ." ಇಳಿದಾಗ ನಿನ್ನ ಕೆನ್ನೆಯ ತುಂಬ ಸ್ಪೀಕರಿನ ತೂತುಗಳ ಅಚ್ಚು.

ಆಮೇಲೆ ನೀನು ಆಸ್ಪತ್ರೆ ಕೆಲಸಕ್ಕೆಂದು ದೂರ ಹೋದೆ. ಮೊದಮೊದಲು ಫೋನು ಬಿಸಿಯಾಗುವಷ್ಟು ಮಾತು. ನಂತರ ರಜೆಯ ದಿನ ಮಾತ್ರ. ನಂತರ ಮೆಸೇಜು. ಈಗ ನಾನೇನೇ ಬರೆದರೂ ನಿನ್ನಿಂದ ಬರುವುದು ಎತ್ತಿದ ಹೆಬ್ಬೆರಳಿನ ಚಿತ್ರ. ಜಗಳವಾಡಿದ್ದರೆ ರಾಜಿಯಾದರೂ ಆಗಬಹುದಿತ್ತು. ನಮ್ಮಲ್ಲಿ ಜಗಳವೇ ಆಗಲಿಲ್ಲ, ದನಿ ಸಣ್ಣದಾಯಿತು ಅಷ್ಟೇ. ಮೇಷ್ಟ್ರು ಅಷ್ಟು ಅಂದವಾಗಿ ಮುಗಿಸಿದಾಗ, ಅವರು ನಮ್ಮಿಬ್ಬರನ್ನೂ ಸೇರಿಸಿಯೇ ಮುಗಿಸಿದಂತೆ ಅನಿಸಿತು.

ಅದಕ್ಕೇ ನಿನ್ನ ಆ ಬಾಗಿಲಿನ ಮಾತನ್ನು ಅವರಿಗೆ ಹೇಳಿದೆ. ಟೈಲರ್ ಅಮ್ಮ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, "ಹಾಗಾದ್ರೆ ಬಾಗಿಲು ಹಾಕ್ಕೊಂಡೇ ಹಾಡೋಣ ಬಿಡಿ" ಎಂದರು. ವಿಯೋಲ್ ನುಡಿಸುತ್ತಲೇ ಅದನ್ನು ಎತ್ತಿಕೊಂಡು ಒಳಗೆ ನಡೆಯಲು ಮೂರನೇ ಕೈ ಬೇಕೆಂದು ಮೇಷ್ಟ್ರು ತಕರಾರು ತೆಗೆದರು. ಹಾಗಾಗಿ ಅವರು ಮೊದಲಿನಿಂದಲೂ ವೇದಿಕೆಯ ಪಕ್ಕದ ಕೋಣೆಯೊಳಗೇ ಕೂರುತ್ತಾರೆ. ಬಚ್ಚಿಟ್ಟ ಹಾಡು ಅರೆತೆರೆದ ಬಾಗಿಲಿನಿಂದ ಬರುತ್ತಿರುತ್ತದೆ. ಕೊನೆಯ ಸಾಲಿಗೆ ನಾವು ಮೂವರೂ ನುಡಿಸುತ್ತ, ಹಾಡುತ್ತ ಒಳಗೆ ಹೋಗಿ ಬಾಗಿಲು ಮುಚ್ಚುತ್ತೇವೆ. ನಿಲ್ಲಿಸುವುದಿಲ್ಲ.

ಬರುವ ಭಾನುವಾರ ಸಂಜೆ, ಲೈಬ್ರರಿಯ ಸಭಾಂಗಣದಲ್ಲಿ. ಆ ಬಾಗಿಲಿಗೆ ಹತ್ತಿರದ ಕುರ್ಚಿಯ ಮೇಲೆ ನನ್ನ ಹಸಿರು ಶಾಲು ಇಟ್ಟಿರುತ್ತೇನೆ. ಜನ ಚಪ್ಪಾಳೆ ತಟ್ಟಬಹುದು, ಎದ್ದೂ ಹೋಗಬಹುದು. ನೀನು ಹೋಗಬೇಡ. ಕಿವಿ ಒತ್ತಿ ನೋಡು. ಚಿಲಕ ಹಾಕಿರುವುದಿಲ್ಲ.

"ಒಳಗೆ ಎಷ್ಟು ಹೊತ್ತು ನುಡಿಸೋದು?" ಎಂದು ಡಾಕ್ಟರು ಕೇಳಿದರು. ಅಕ್ಕ ಬಾಗಿಲು ತೆಗೆಯುವ ತನಕ ಎಂದೆ. "ಸೋಮವಾರ ಬೆಳಿಗ್ಗೆ ನನಗೆ ಪೇಷೆಂಟ್ಸ್ ಇದಾರಮ್ಮಾ" ಎಂದರು, ಆದರೆ ಆಗುವುದಿಲ್ಲ ಎನ್ನಲಿಲ್ಲ.

ನಿನ್ನ ದಾರಿ ಸುಗಮವಾಗಿರಲಿ. ಹೆಬ್ಬೆರಳು ಕಳಿಸಬೇಡ, ಕೈಯನ್ನೇ ತಾ.

ಬಾಗಿಲ ಒಳಗಿನಿಂದ,
ನಿನ್ನ ಪೆದ್ದಿ