ಸೆಟ್ ಸರಿಯಾಗಿಯೇ ಇತ್ತು

ನಮ್ಮ ಮನೆಯ ಕಹಳೇ,

ಊರಿಗೆಲ್ಲ ನೀನು ಪಕ್ಷದ ಅಧ್ಯಕ್ಷೆ, ಮೇಡಂ, ಈ ವಾರದಿಂದ ಕೆಲವರಿಗೆ ದ್ರೋಹಿ. ನನಗೆ ಮಾತ್ರ ಹುಟ್ಟಿದ ದಿನವೇ ಬೀದಿಯನ್ನೆಲ್ಲ ಎಬ್ಬಿಸಿದ ಕಹಳೆ. ಫೋನು ಮಾಡಿದರೆ ನಾನು ಬೈಯುತ್ತೇನೆ, ನೀನು ತಿರುಗಿ ಬೈಯುತ್ತೀಯ, ಹೇಳಬೇಕಾದದ್ದು ಉಳಿದೇ ಹೋಗುತ್ತದೆ. ಅದಕ್ಕೇ ಕಾಗದ, ಅಂಗಡಿಯ ಹುಡುಗನ ಕೈಯಲ್ಲಿ. ಅರ್ಧಕ್ಕೆ ಶಾಲೆ ಬಿಟ್ಟವನ ಕೈಬರಹ. ಓದಲಾಗದಿದ್ದರೆ ಕನ್ನಡಕ ಬದಲಿಸು, ನನ್ನನ್ನು ದೂರಬೇಡ.

ಆ ದಿನ ಪಕ್ಷದ ಸಭೆಯ ಮೈದಾನದಲ್ಲಿ ಮೈಕ್ ಸೆಟ್ಟಿನ ಮುಂದೆ ಕುಳಿತಿದ್ದ ನನಗೆ ನಿನ್ನ ಮಾತು ಕೇಳಿ ಮೈಯೆಲ್ಲ ಉರಿದಿತ್ತು. ನನ್ನ ಮಗ ಗಡಿಯಲ್ಲಿದ್ದಾನೆ. ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅತ್ತೆ ನೀನು. ಸೇರಿದವರೆಲ್ಲ ಗೆಲುವು, ಗೆಲುವು ಎಂದು ಕೂಗುತ್ತಿರುವಾಗ ನೀನು, "ಈ ಯುದ್ಧದಲ್ಲಿ ಗೆಲ್ಲೋಕೆ ಏನೂ ಉಳಿದಿಲ್ಲ. ನಮ್ಮ ಹುಡುಗರನ್ನ ಮನೆಗೆ ಕರೆಸಿ. ಆ ಕಡೆ ಸಾಯ್ತಿರೋರೂ ಹೆತ್ತವರಿರೋ ಮಕ್ಕಳೇ" ಎಂದುಬಿಟ್ಟೆ.

ನಿಮ್ಮ ಕಾರ್ಯದರ್ಶಿಗೂ ನನಗೂ ಇರುವ ಏರ್ಪಾಡು ನಿನಗೆ ಗೊತ್ತೇ ಇದೆ. ಭಾಷಣ ದಾರಿ ತಪ್ಪಿದರೆ ಅವನು ಕನ್ನಡಕ ತೆಗೆದು ಒರೆಸುತ್ತಾನೆ, ನಾನು ದನಿ ಇಳಿಸುತ್ತೇನೆ, ಜನ ಕರೆಂಟಿಗೆ ಬೈದು ಸುಮ್ಮನಾಗುತ್ತಾರೆ. ಎಷ್ಟು ಮಂತ್ರಿಗಳ ಮಾನ ಹಾಗೆ ಉಳಿದಿದೆಯೋ! ಅವತ್ತು ಅವನು ಗಾಜು ಸವೆಯುವಂತೆ ಒರೆಸಿದ. ನನ್ನ ಕೈ ಗುಂಡಿಯ ಮೇಲೇ ಇತ್ತು. ಸಿಟ್ಟೂ ಇತ್ತು. ತಿರುಗಿಸಲಿಲ್ಲ.

ಯಾಕೆ ಅಂತ ಕೇಳು. ನಾನು ಮೊದಲ ಸೆಟ್ ತಂದಾಗ ನೀನು ಲಂಗದ ಹುಡುಗಿ. ಪರೀಕ್ಷೆಗೆ ಮೈಕಿನ ಮುಂದೆ ನೀನೇ ನಿಲ್ಲಬೇಕು. ನಾನು ಮೈದಾನದ ಆ ತುದಿಗೆ ಹೋಗಿ, ಸರಿಯಾಗಿ ಕೇಳಿಸಿದರೆ ಕೈ ಎತ್ತುತ್ತಿದ್ದೆ. ಬೇರೆಯವರು ಹಲೋ ಹಲೋ ಎನ್ನುವ ಕಡೆ ನೀನು ಮನೆಯ ಸುದ್ದಿ ಬಿಚ್ಚುತ್ತಿದ್ದೆ. "ನಮ್ಮಣ್ಣ ಬೆಳಗಿಂದ ಸಿಡುಕ್ತಿದ್ದಾನೆ. ಅಪ್ಪನ ಹತ್ರ ಬೈಸ್ಕೊಂಡ ಸಿಟ್ಟೆಲ್ಲ ನನ್ನ ಮೇಲೆ ತೀರಿಸ್ಕೊಳ್ತಾನೆ." ದಾರಿಹೋಕರೆಲ್ಲ ನಿಂತು ನಗುತ್ತಿದ್ದರು. ಹಲ್ಲು ಕಡಿಯುತ್ತಲೇ ಕೈ ಎತ್ತುತ್ತಿದ್ದೆ, ಕೇಳಿಸಿದ್ದು ಕೇಳಿಸಿತ್ತಲ್ಲ! ಆಮೇಲೆ ನೀನು ಭಾಷಣ ಕಲಿತೆ. ಎಲ್ಲಿ ಏರಿಸಬೇಕು, ಚಪ್ಪಾಳೆಗೆ ಎಲ್ಲಿ ನಿಲ್ಲಬೇಕು, ಎಲ್ಲ ಕಲಿತೆ. ಆದರೆ ಅವತ್ತು ಬಂದದ್ದು ಆ ಹಳೆಯ ದನಿ. ಬಣ್ಣವಿಲ್ಲ, ಬಿಗುವಿಲ್ಲ, ಮನೆಯ ಸುದ್ದಿ ಹೇಳುವ ದನಿ. ಅದನ್ನು ಇಳಿಸಲು ಕೈ ಬರಲಿಲ್ಲ.

ಮರುದಿನ ಕಾರ್ಯದರ್ಶಿ ಅಂಗಡಿಗೆ ಬಂದು ಸ್ಪೀಕರಿನ ಡಬ್ಬದ ಮೇಲೆ ಕುಳಿತ. "ಯಜಮಾನ್ರೇ, ಸೆಟ್ ಕೆಟ್ಟಿತ್ತು ಅಂದ್ಬಿಡಿ. ಮಾತು ಅರ್ಧಂಬರ್ಧ ಕೇಳಿಸಿ ಜನ ತಪ್ಪು ತಿಳ್ಕೊಂಡ್ರು ಅಂತ ನಾವು ಹೇಳ್ತೀವಿ. ಮೇಡಂ ಸ್ಥಾನ ಉಳಿಯುತ್ತೆ" ಎಂದ. "ನನ್ನ ಸೆಟ್ ಕೆಟ್ಟಿಲ್ಲ ಕಣಯ್ಯ, ನಿನ್ನ ತಲೆ ಕೆಟ್ಟಿದೆ" ಎಂದು ಅಟ್ಟಿದೆ.

ಅಟ್ಟಿದ ಮೇಲೆ ಯೋಚನೆ ಹತ್ತಿತು. ನನ್ನದೊಂದು ಸುಳ್ಳಿನಿಂದ ತಂಗಿಯ ಇಷ್ಟು ವರ್ಷದ ದುಡಿಮೆ ಉಳಿಯುವುದಾದರೆ, ಹಾಳಾಗಿ ಹೋಗಲಿ ನನ್ನ ಹೆಸರು. ಕಾರ್ಯದರ್ಶಿಗೆ ಹೂಂ ಅಂದುಬರೋಣವೆಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿದ್ದೆ. ಎದುರಿನ ಕ್ಷೌರದಂಗಡಿಯ ಟೀವಿಯಲ್ಲಿ ನಿನ್ನ ಮುಖ ಕಂಡು ನಿಂತೆ. ಯಾರೋ ಪತ್ರಕರ್ತ, ಮೈಕ್ ಕೆಟ್ಟಿತ್ತಂತೆ ಹೌದೇ ಎಂದು ಕೇಳಿದ. ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು. ನೀನು ಒಂದು ಗುಟುಕು ನೀರು ಕುಡಿದು, "ಸೆಟ್ ಸರಿಯಾಗೇ ಇತ್ತು. ನಾನು ಹೇಳಿದ್ದೇ ನಿಮಗೆ ಕೇಳಿಸಿದ್ದು" ಎಂದೆ. ಕ್ಷೌರಿಕ ಕತ್ತರಿ ನಿಲ್ಲಿಸಿ ನನ್ನತ್ತ ತಿರುಗಿದ. ಕಣ್ಣಿಗೆ ಕೂದಲು ಬಿತ್ತು ಎಂದು ಅವನಿಗೇ ರೇಗಿದೆ. ಇಷ್ಟು ವರ್ಷದಲ್ಲಿ ನನ್ನ ಕೆಲಸಕ್ಕೆ ಯಾರೂ ಅಂಥ ಮರ್ಯಾದೆ ಕೊಟ್ಟಿರಲಿಲ್ಲ, ತಂಗೀ.

ಮನೆಗೆ ಬಂದರೆ ನಿನ್ನ ಅತ್ತಿಗೆ ಮಗನ ಅಂಗಿಗಳನ್ನು ಮಡಿಸುತ್ತಿದ್ದಳು. ತೊಡುವವನಿಲ್ಲದಿದ್ದರೂ ಒಗೆದು ಮಡಿಸಿಡುತ್ತಾಳೆ. "ನಮ್ಮ ಹುಡುಗನಿಗೆ ಜೈ ಅನ್ನೋಕೆ ಬೇಕಾದಷ್ಟು ಜನ ಬಂದ್ರು. ಅವನು ಮನೆಗೆ ಬರಲಿ ಅಂದೋಳು ಅವಳೊಬ್ಬಳೇ ಕಣ್ರೀ" ಎಂದಳು. ಅಲ್ಲಿಗೆ ನನ್ನ ಸಿಟ್ಟು ಬಾಲ ಮುದುರಿತು. ಹೊತ್ತು ನೋಡಿ ಹೇಳಬಹುದಿತ್ತು ಎಂದು ಒಳಗೆ ಈಗಲೂ ಏನೋ ಗೊಣಗುತ್ತದೆ. ಗೊಣಗಲಿ, ಅದು ನನ್ನ ಹುಟ್ಟುಗುಣ.

ನಾಳೆಯ ಸಭೆಯಲ್ಲಿ ನಿನ್ನ ರಾಜೀನಾಮೆ ಕೇಳುತ್ತಾರೆ. ಕೊಡಬೇಡ. ಅವರೇ ಕಿತ್ತುಹಾಕಿದರೆ ಹಾಕಲಿ, ಕುರ್ಚಿ ಅವರದು. ನೀನಾಗಿ ಎದ್ದುಹೋದರೆ ಮಾತ್ರ, ಹುಡುಗರು ಮನೆಗೆ ಬರಲಿ ಅಂದದ್ದೇ ತಪ್ಪು ಎಂದು ಒಪ್ಪಿಕೊಂಡ ಹಾಗೆ. ನಿನ್ನ ಅತ್ತಿಗೆಯ ಎದುರು ಆಮೇಲೆ ಯಾವ ಮುಖ ಹೊತ್ತು ಕೂರುತ್ತೀಯ?

ನಾಳೆಗೆ ಬೇರೆ ಸೆಟ್ಟಿನವನನ್ನು ಗೊತ್ತುಮಾಡಿದ್ದಾರಂತೆ. ನನ್ನ ಮೇಲೆ ನಂಬಿಕೆಯಿಲ್ಲ; ಇರಲೂಬಾರದು. ಯಾರು ಯಾವಾಗ ಕನ್ನಡಕ ಒರೆಸುತ್ತಾರೋ ಹೇಳಲಾಗದು. ದನಿ ಬಿದ್ದರೆ ಮೈಕ್ ಬಿಟ್ಟು ವೇದಿಕೆಯ ಅಂಚಿಗೆ ಬಾ. ನಿನ್ನ ಗಂಟಲಿಗೆ ಮೈಕ್ ಬರೀ ಅಲಂಕಾರ. ನಾವು ಗಂಡಹೆಂಡತಿ ಹಿಂದಿನ ಗೋಡೆಗೆ ಒರಗಿ ನಿಂತಿರುತ್ತೇವೆ; ಬಾಗಿಲಲ್ಲಿ ತಡೆಯುವವರನ್ನು ನಾನು ನೋಡಿಕೊಳ್ಳುತ್ತೇನೆ. ಮನೆಯ ಸುದ್ದಿ ಹೇಳುವ ಹಾಗೆ ಹೇಳು. ಕೇಳಿಸಿದರೆ ಕೈ ಎತ್ತುತ್ತೇನೆ.

ನಿನ್ನ ಗಂಟಲು ನೂರು ಕಾಲ ಗಟ್ಟಿಯಾಗಿರಲಿ ಎಂದು ಹರಸುವ,
ನಿನ್ನ ಸಿಡುಕ ಅಣ್ಣ