ನಿನ್ನಮ್ಮನ ಅಂಗಾಲು

ಹಿತ್ತಲ ಮೆಟ್ಟಿಲ ಮೇಲಿಂದ,
ತಾರೀಕು ಹದಿನಾಲ್ಕು, ಭಾನುವಾರ, ಊಟವಾದ ಮೇಲೆ

ಪ್ರೀತಿಯ ಕಡ್ಡೀ,

ಹೇಗಿದ್ದೀಯ ಮಗಳೇ? ಹಾಸ್ಟೆಲಿನ ಊಟ ಮೈಗೆ ಹತ್ತುತ್ತಿದೆಯೋ, ಇಲ್ಲ ಮನೆಯಲ್ಲಿ ಮಾಡುತ್ತಿದ್ದಂತೆ ಅರ್ಧ ತಟ್ಟೆಯಲ್ಲೇ ಬಿಟ್ಟು ಏಳುತ್ತೀಯೋ? ಆ ಕೆಮ್ಮು ಹೋಯಿತಾ? ನಾನು ಚೆನ್ನಾಗಿದ್ದೇನೆ. ಮಂಡಿ ತನ್ನ ಪಾಡಿಗೆ ಗೊಣಗುತ್ತದೆ, ನಾನು ನನ್ನ ಪಾಡಿಗೆ ನಡೆಯುತ್ತೇನೆ, ಇಬ್ಬರಿಗೂ ಮಾತುಕತೆ ಇಲ್ಲ. ನಿನ್ನಪ್ಪನೂ ಚೆನ್ನಾಗಿದ್ದಾನೆ. ಅವನ ಕಿವಿಯ ಹಿಂದಿನ ಪೆನ್ಸಿಲ್ ಊಟಕ್ಕೆ ಕೂತಾಗಲೂ ಅಲ್ಲೇ ಇರುತ್ತದೆ, ಬೋಳುತಲೆಗೆ ಅದೊಂದೇ ಅಲಂಕಾರ. ನಿನ್ನಮ್ಮನ ವಿಷಯ ಬರೆಯುವುದಕ್ಕೇ ಈ ಕಾಗದ ಹಿಡಿದಿದ್ದೇನೆ, ಅವಳ ಆರೋಗ್ಯ ಕೊನೆಯವರೆಗೂ ಓದಿದರೆ ತಿಳಿಯುತ್ತದೆ.

ಮೂರು ವಾರವಾದರೂ ಮುದುಕಿ ಉತ್ತರ ಬರೆಯಲಿಲ್ಲ ಅಂತ ಬೈದುಕೊಂಡಿರುತ್ತೀಯ. ಬೈದುಕೋ, ನನ್ನ ಮೈಗೇನೂ ತಾಗುವುದಿಲ್ಲ. ನೀನು ಬರೆದಿದ್ದು ಎರಡು ಹಾಳೆ. ದಡ್ಡುಗಟ್ಟಿದ ಕಾಲಿಗೆ ಏನು ಮಾಡಬೇಕು ಅಂತ ನಾನು ಕೇಳಿದ್ದಕ್ಕೆ ಬರೆದ ಮೊದಲನೇ ಹಾಳೆಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ಎರಡನೇ ಹಾಳೆಯನ್ನು ಇದೇ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಓದಿದೆ. ಅದರಲ್ಲಿ ನೀನು, ನರ್ಸ್ ಕೆಲಸ ಅಂದರೆ ಏನೋ ಅಂದುಕೊಂಡಿದ್ದೆ, ಇಲ್ಲಿ ನೋಡಿದರೆ ಬೆಳಗಿನಿಂದ ಸಂಜೆವರೆಗೆ ಕಂಡವರ ಕಾಲು ತೊಳೆಯುವುದೇ ಆಗಿದೆ, ಜೊತೆಯವರು ಆಪರೇಷನ್ ಕೋಣೆಯಲ್ಲಿದ್ದರೆ ನನಗೆ ಮಾತ್ರ ಈ ಕಾಲಿನ ವಾರ್ಡು, ಮುಂದಿನ ತಿಂಗಳ ಕೊನೆಗೆ ಪೆಟ್ಟಿಗೆ ಕಟ್ಟಿಕೊಂಡು ಬಂದುಬಿಡುತ್ತೇನೆ, ಅಪ್ಪನನ್ನು ನೀನೇ ಒಪ್ಪಿಸು ಅಜ್ಜಿ ಅಂತ ಬರೆದಿದ್ದೀಯ. ನಿನ್ನಪ್ಪನಿಗೆ ಇನ್ನೂ ಹೇಳಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ನಮ್ಮ ಮನೆಯಲ್ಲಿ ಒಬ್ಬರ ಫೋನಿಗೆ ಮೂವರ ಕಿವಿ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಎರಡನೇ ಹಾಳೆಗೆ ಉತ್ತರ ಹೇಳುವ ಮೊದಲು ಮೊದಲನೇ ಹಾಳೆ ಈ ಮನೆಯಲ್ಲಿ ಏನೇನು ಮಾಡಿತು ಅನ್ನುವುದನ್ನು ಕೇಳು.

ನಿನ್ನಮ್ಮ ಕುಂಟುತ್ತಿದ್ದುದು ನನಗೆ ಕಂಡದ್ದಲ್ಲ, ಕೇಳಿಸಿದ್ದು. ಇಪ್ಪತ್ತಾರು ವರ್ಷದಿಂದ ಅವಳ ಹೆಜ್ಜೆ ಕೇಳುತ್ತಿದ್ದೇನೆ. ಕೋಪ ಬಂದಾಗ ಹಿಮ್ಮಡಿ ಮೊದಲು ಬೀಳುತ್ತದೆ, ಖುಷಿಯಲ್ಲಿದ್ದಾಗ ಸದ್ದೇ ಇರುವುದಿಲ್ಲ. ಈ ಸಲ ಒಂದು ಗಟ್ಟಿ ಹೆಜ್ಜೆ, ಒಂದು ಎಳೆದ ಹೆಜ್ಜೆ. ಏನಾಯಿತೇ ಅಂದರೆ "ಏನಿಲ್ಲ ಅತ್ತೆ, ನಿಂತೂ ನಿಂತೂ ಹಂಗಾಗಿದೆ" ಅಂತ ಒಳಗೆ ಹೋದಳು. ಬಿಡುವವಳಾ ನಾನು? ಅಡ್ಡ ಕೂತು ಕಾಲು ಎತ್ತಿಸಿ ನೋಡಿದೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿಗೆ, ಕೋಟಿನ ಗುಂಡಿಯಷ್ಟಗಲ ಹಳದಿ ದಡ್ಡು. ಉಗುರಿನಿಂದ ತಟ್ಟಿದರೆ ಟಕ್ ಅಂತು. ಸಂಜೆಯಾದರೆ ಕಾಲಿನ ಅಂಚಿನ ಮೇಲೆ ನಡೆಯುತ್ತಿದ್ದಳಂತೆ. ಎಷ್ಟು ದಿನದಿಂದ ಅಂತ ಕೇಳಿದರೆ ಎಂಟು ತಿಂಗಳು! ನನಗೆ ಒಂದು ಮುಳ್ಳು ಚುಚ್ಚಿದರೆ ಬೀದಿಗೆಲ್ಲ ಗೊತ್ತಾಗುತ್ತದೆ, ಇವಳು ಎಂಟು ತಿಂಗಳು ತುಟಿ ಬಿಚ್ಚಲಿಲ್ಲ. ಇದನ್ನು ಹೊಗಳಬೇಕೋ ತಲೆ ಚಚ್ಚಿಕೊಳ್ಳಬೇಕೋ ನೀನೇ ಹೇಳು.

ಮೊದಲ ತಪ್ಪು ನನ್ನದೇ, ಮುಚ್ಚಿಡುವುದಿಲ್ಲ. ನಮ್ಮ ಕಾಲದಲ್ಲಿ ದಡ್ಡು ಬಂದರೆ ಬ್ಲೇಡಿನಿಂದ ಹೆರೆಯುತ್ತಿದ್ದೆವು. ನಿಮ್ಮ ತಾತ ಹಾಗೆ ಹೆರೆದುಕೊಂಡು ಕೀವಾಗಿ ಒಂದೂವರೆ ತಿಂಗಳು ಕಾಲು ಮೇಲಿಟ್ಟುಕೊಂಡು ಕೂತದ್ದು ಅನುಕೂಲವಾಗಿ ಮರೆತುಹೋಗಿ, ನಾನೂ ಬ್ಲೇಡು ಹುಡುಕಿದೆ. ಅಷ್ಟರಲ್ಲಿ ನಿನ್ನಪ್ಪ ದೊಡ್ಡ ಮನುಷ್ಯನಂತೆ ನಡುವೆ ಬಂದ. "ಬ್ಲೇಡು ಗೀಡು ಬೇಡ ಕಣಮ್ಮಾ, ಕುಯ್ದುಹೋಗುತ್ತೆ, ನಾನು ಮಾಡ್ತೀನಿ" ಅಂತ ತನ್ನ ಮರಗೆಲಸದ ಅಂಗಡಿಗೆ ಹೋಗಿ ಮರ ಉಜ್ಜುವ ಉಪ್ಪುಕಾಗದ ತಂದ. ಮೂರು ಥರ ತಂದ ಕಣೆ! ಮೊದಲು ಒರಟು, ಆಮೇಲೆ ನಡುವಿನದು, ಕೊನೆಗೆ ನಯದ್ದು. ಹೆಂಡತಿಯ ಕಾಲನ್ನು ಸ್ಟೂಲಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ಮಟ್ಟ ನೋಡಿ, ಒಣ ಚರ್ಮವನ್ನು ಕುರ್ಚಿಯ ಕೈ ಉಜ್ಜಿದ ಹಾಗೆ ಉಜ್ಜಿದ. ನಡುನಡುವೆ ಪುಡಿ ಊದುವುದು ಬೇರೆ. ವಾರ್ನಿಶ್ ಹಚ್ಚುವುದೊಂದು ಬಾಕಿ. ಅವಳು "ನಯವಾಗಿದೆ ರೀ" ಅಂದಳು, ಇವನು ಬೀಗಿದ. ಮಾರನೆಯ ಬೆಳಿಗ್ಗೆ ದಡ್ಡಿನ ಸುತ್ತಲಿನ ಒಳ್ಳೆಯ ಚರ್ಮವೆಲ್ಲ ಕೆಂಡದ ಹಾಗೆ ಉರಿಯುತ್ತಿತ್ತು, ದಡ್ಡು ಮಾತ್ರ ತನ್ನ ಜಾಗ ಬಿಟ್ಟು ಕದಲಿರಲಿಲ್ಲ. ಅವತ್ತೇ ನಾನು ನಿನಗೆ ಬರೆದದ್ದು.

ನಿನ್ನ ಹಾಳೆ ಬಂತು. ಏನು ಬರವಣಿಗೆ ಮಗಳೇ! ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಕೆರೆದ ಚರ್ಮ ವಾಸಿಯಾಗುವವರೆಗೆ ಯಾರೂ ಮುಟ್ಟಬೇಡಿ ಅಂತ ನೀನು ಅಂದೆ, ನಾವು ಮುಟ್ಟಲಿಲ್ಲ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲು ನೆನೆಸು, ಬಿಸಿ ನೋಡುವುದು ಮೊಣಕೈಯಿಂದ, ಮಗುವಿನ ಸ್ನಾನಕ್ಕೆ ನೋಡುವ ಹಾಗೆ ಅಂದೆ. ತೂತುತೂತಿನ ಕಾಲುಜ್ಜುವ ಕಲ್ಲನ್ನೂ ಒದ್ದೆ ಮಾಡಿಕೊಂಡು ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜು, ಎಂಟು ಹತ್ತು ಸಲ ಸಾಕು, ಚರ್ಮ ಗುಲಾಬಿ ಬಣ್ಣಕ್ಕೆ ತಿರುಗುವ ಮೊದಲೇ ನಿಲ್ಲಿಸು ಅಂದೆ. ಒಂದೇ ದಿನ ಪೂರ್ತಿ ತೆಗೆಯುವ ಆಸೆ ಬೇಡ, ದಡ್ಡು ಅನ್ನುವುದು ಕಾಲು ತನ್ನನ್ನು ಕಾಪಾಡಿಕೊಳ್ಳಲು ಕಟ್ಟಿಕೊಂಡ ಗೋಡೆ, ತೆಳ್ಳಗೆ ಮಾಡು, ಕೆಡವಬೇಡ ಅಂತ ಬರೆದೆಯಲ್ಲ, ಆ ಸಾಲನ್ನು ನಿನ್ನಪ್ಪ ನನ್ನ ಕೈಯಲ್ಲಿ ಎರಡು ಸಲ ಓದಿಸಿದ. ಓದಿದ ಮೇಲೆ ಉಪ್ಪುಕಾಗದ ಸುತ್ತಿಕೊಂಡು ಅಂಗಡಿಗೆ ಹೋದ.

ಉಜ್ಜುವವರು ಯಾರು? ಅವಳಿಗೆ ಬಗ್ಗಿ ಅಂಗಾಲು ಕಾಣುವುದಿಲ್ಲ, ಗಂಡನ ಕೈಗೆ ಇನ್ನೊಂದು ಸಲ ಕಾಲು ಕೊಡುವಷ್ಟು ಹುಚ್ಚಿಯೂ ಅಲ್ಲ. ನಾನು ಚಿಕ್ಕ ಮಣೆ ಎಳೆದುಕೊಂಡು ಟಬ್ಬಿನ ಮುಂದೆ ನೆಲಕ್ಕೆ ಕೂತೆ. ಹಾವು ಕಂಡವಳ ಹಾಗೆ ಕಾಲು ಎಳೆದುಕೊಂಡಳು. "ಅಯ್ಯೋ ಅತ್ತೆ, ಬೇಡ, ನಿಮ್ಮ ಕೈಲಿ ನನ್ನ ಕಾಲು ಹಿಡಿಸ್ಕೊಳ್ಳೋದಾ? ನೋಡ್ದೋರು ಏನಂದಾರು?" "ಕಾಲು ಕೊಡು ಅಂದೆ, ಒಡವೆ ಪೆಟ್ಟಿಗೆ ಬೀಗದ ಕೈ ಕೊಡು ಅನ್ನಲಿಲ್ಲ" ಅಂದೆ. ಕೊಟ್ಟಳು. ಮೊದಲ ಮೂರು ದಿನ ಕಾಲು ಹಲಗೆಯ ಹಾಗೆ ಬಿಗಿ, ಮುಖ ಗೋಡೆಯ ಕಡೆಗೆ. ನಾಲ್ಕನೇ ದಿನ ಬಿಗಿ ಬಿಟ್ಟಿತು. ಒಂಬತ್ತನೇ ದಿನ ಕಾಲು ನನ್ನ ಮಡಿಲಲ್ಲಿರುವಂತೆಯೇ ಕುರ್ಚಿಯಲ್ಲಿ ನಿದ್ದೆ ಹೋದಳು, ಸಣ್ಣಗೆ ಗೊರಕೆ ಕೂಡ. ನಾನು ಉಜ್ಜಿ, ಒತ್ತಿ ಒರೆಸಿ, ನೀನು ಹೇಳಿದ ಮುಲಾಮು ಹಚ್ಚಿದೆ. ಬೆರಳ ಸಂದಿಗೆ ಹಚ್ಚಬೇಡ ಅಂತ ನೀನು ಅಂದಿದ್ದೆ, ನಾನು ಹಚ್ಚಲಿಲ್ಲ. ಅವಳು ಏಳುವವರೆಗೆ ಕದಲದೆ ಕೂತೆ. ನನ್ನ ಮಂಡಿ ಅವತ್ತು ಆಡಿದ ಮಾತನ್ನು ಇಲ್ಲಿ ಬರೆಯಬಾರದು.

ನಡುವೆ ಒಂದು ದಿನ ಅವಳು ಊಟದ ಡಬ್ಬಿ ಮರೆತು ಹೋಗಿದ್ದಳು. ಕೊಡೋಣವೆಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ನಾನೇ ಹೋದೆ. ಇಷ್ಟು ವರ್ಷ ಅವಳು ಅಲ್ಲಿ ಇಸ್ತ್ರಿ ಮಾಡುತ್ತಾಳೆ ಅಂತ ಮಾತ್ರ ಗೊತ್ತಿತ್ತು. ಇಸ್ತ್ರಿ ಅಂದರೆ ನಾನು ಮನೆಯ ಇಸ್ತ್ರಿ ಪೆಟ್ಟಿಗೆ ಅಂದುಕೊಂಡಿದ್ದೆ. ಅದೊಂದು ಮಂಚದಷ್ಟು ದೊಡ್ಡ ಯಂತ್ರ ಕಣೆ. ಹಾಸಿಗೆ ಹೊದಿಕೆ ಹರವಬೇಕು, ಬಲಗಾಲಿನಿಂದ ಪೆಡಲು ಒತ್ತಬೇಕು, ಮೇಲಿನ ಹಲಗೆ ಬಂದು ಕೂರುತ್ತದೆ, ಹಬೆ ಬುಸ್ಸೆನ್ನುತ್ತದೆ, ಮತ್ತೆ ಒತ್ತಬೇಕು, ಏಳುತ್ತದೆ. ನಿನ್ನಮ್ಮ ಆ ಹಬೆಯೊಳಗೆ ನಿಂತು ಹೊದಿಕೆಯ ಎರಡು ಮೂಲೆ ಹಿಡಿದು ಒಂದೇ ಸಲ ಕೊಡವಿದರೆ ಅದು ನೀರಿನ ಹಾಗೆ ಹಾಸಿಕೊಳ್ಳುತ್ತಿತ್ತು. ಒಂದು ಸುಕ್ಕಿಲ್ಲ. ಪಕ್ಕದ ಯಂತ್ರದವಳು ಒಂದು ಮುಗಿಸುವಷ್ಟರಲ್ಲಿ ಇವಳದು ಎರಡು. ಮೇಲ್ವಿಚಾರಕಿ ನನ್ನ ಹತ್ತಿರ ಬಂದು "ನಿಮ್ಮ ಸೊಸೆ ಮಡಚಿದ್ದನ್ನ ಆಪರೇಷನ್ ಕೋಣೆಯೋರು ಕೇಳಿ ತಗೋತಾರಮ್ಮ" ಅಂದಳು. ನಾನು ಡಬ್ಬಿ ಹಿಡಿದು ಅರ್ಧ ಗಂಟೆ ಬಾಗಿಲಲ್ಲೇ ನಿಂತುಬಿಟ್ಟೆ. ಮನೆಯಲ್ಲಿ ಇವಳು ಮಡಚಿಟ್ಟ ಸೀರೆಯನ್ನು ಇಪ್ಪತ್ತಾರು ವರ್ಷ ಬಿಚ್ಚಿ ಮತ್ತೆ ಮಡಚಿದ್ದೇನಲ್ಲ, ನನ್ನ ಕೈಗೆ ಬುದ್ಧಿ ಇತ್ತಾ?

ದಡ್ಡಿಗೆ ಕಾರಣವೂ ಅಲ್ಲೇ ಸಿಕ್ಕಿತು. ಪೆಡಲಿನ ಕಬ್ಬಿಣದ ಏಣು ಸರಿಯಾಗಿ ಅವಳ ಹೆಬ್ಬೆರಳ ಬುಡಕ್ಕೇ ಬರುತ್ತಿತ್ತು, ಚಪ್ಪಲಿಯ ಅಟ್ಟೆ ಆ ಜಾಗದಲ್ಲಿ ಕಾಗದವಾಗಿತ್ತು. ಒತ್ತುವುದು ನಿಲ್ಲದೆ ಉಜ್ಜಿ ಏನೂ ಫಲವಿಲ್ಲ ಅಂತ ನೀನು ಬರೆದಿದ್ದೆಯಲ್ಲ, ಮನೆಗೆ ಬಂದು ನಿನ್ನಪ್ಪನಿಗೆ ಹೇಳಿದೆ. ನಿನ್ನಪ್ಪ ಉಪ್ಪುಕಾಗದದ ಅವಮಾನ ತೊಳೆದುಕೊಂಡದ್ದು ಆಗ. ದಪ್ಪ ಅಟ್ಟೆಯ ಬೂಟು ತಂದ. ಅವಳನ್ನು ಒದ್ದೆ ಕಾಲಲ್ಲಿ ರಟ್ಟಿನ ಮೇಲೆ ನಿಲ್ಲಿಸಿ, ಅಚ್ಚಿನ ಸುತ್ತ ಪೆನ್ಸಿಲ್ ಎಳೆದು, ಮೆತ್ತನೆಯ ಉಣ್ಣೆಪಟ್ಟಿಯಿಂದ ಬೂಟಿನೊಳಗೆ ಕೂರುವ ಮೆತ್ತೆ ಕತ್ತರಿಸಿದ. ದಡ್ಡು ಬರುವ ಜಾಗದಲ್ಲಿ ಗುಂಡಗೆ ತೂತು, ಭಾರವೆಲ್ಲ ಸುತ್ತ ಹಂಚಿಹೋಗಬೇಕು ಅಂತ. ಪೆಡಲಿಗೆ ಮೇಲ್ವಿಚಾರಕಿಯ ಒಪ್ಪಿಗೆ ಕೇಳಿ ರಬ್ಬರಿನ ಹೊದಿಕೆ ಹಾಕಿದ. ಈಗ ಅಲ್ಲಿನ ಆರೂ ಯಂತ್ರದವರು ನಮಗೂ ಬೇಕು ಅನ್ನುತ್ತಿದ್ದಾರೆ. ನನ್ನ ಮಗ ಅಂತ ಹೇಳುವುದಲ್ಲ, ಕೈಗೆ ಸರಿಯಾದ ದಾರಿ ತೋರಿಸುವವರಿದ್ದರೆ ಅವನ ಕೈ ಬಂಗಾರ.

ಇವತ್ತಿಗೆ ನಿನ್ನಮ್ಮನ ಕಾಲಲ್ಲಿ ದಡ್ಡಿನ ಗುರುತು ಬಟಾಣಿಯಷ್ಟಿದೆ, ಒತ್ತಿದರೆ ಮೆತ್ತಗಿದೆ. ನಿನ್ನೆ ಹೆಜ್ಜೆ ಸದ್ದಿಲ್ಲದೆ ನನ್ನ ಹಿಂದೆ ಬಂದು ನಿಂತಿದ್ದಳು, ಬೆಚ್ಚಿಬಿದ್ದು ಬೈದೆ. ಪಕ್ಕದ ಮನೆಯ ಟೈಲರಮ್ಮ ಸುದ್ದಿ ಕೇಳಿ ತನ್ನ ಟಬ್ಬು, ತನ್ನದೇ ಕಲ್ಲು ಹಿಡಿದು ಬಂದಳು. ಒಬ್ಬರ ಕಲ್ಲು ಇನ್ನೊಬ್ಬರಿಗೆ ಬೇಡ ಅಂತ ನೀನು ಅಂದಿದ್ದೆ, ಆ ಕಾನೂನು ಇಲ್ಲಿ ಕಟ್ಟುನಿಟ್ಟು. ನಮ್ಮ ಪೋಸ್ಟಿನವನೂ ಹಿಮ್ಮಡಿ ತೋರಿಸಿ ಹೋದ. ಎಲ್ಲರಿಗೂ ನಿನ್ನ ಹಾಳೆಯನ್ನೇ ಓದಿ ಹೇಳುತ್ತೇನೆ, ನನ್ನದು ಅಂತ ಒಂದಕ್ಷರ ಸೇರಿಸುವುದಿಲ್ಲ. ಹಾಳೆಯ ಮೂಲೆಗಳು ಆಗಲೇ ಸವೆದಿವೆ.

ಇನ್ನು ನಿನ್ನ ಎರಡನೇ ಹಾಳೆ. ಬರಬೇಡ ಅನ್ನುವುದಿಲ್ಲ. ಇದು ನಿನ್ನ ಮನೆ, ಬಾಗಿಲು ತಟ್ಟುವ ಅಗತ್ಯವೂ ಇಲ್ಲ, ಬಂದರೆ ನಿನ್ನಪ್ಪನನ್ನು ನಾನು ನೋಡಿಕೊಳ್ಳುತ್ತೇನೆ. ಆದರೆ ಕಂಡವರ ಕಾಲು ಅಂತ ಬರೆದೆಯಲ್ಲ, ಆ ಮಾತು ಮಾತ್ರ ನನಗೆ ಸೇರಲಿಲ್ಲ. ಒಂದೇ ಸೂರಿನಡಿ ಇಷ್ಟು ವರ್ಷ ಬಾಳಿದವಳ ಅಂಗಾಲನ್ನು ನಾನು ನೋಡಿರಲಿಲ್ಲ ಕಡ್ಡೀ. ನೋಡಿದ ಮೇಲೆ ಅವಳ ಮೇಲೆ ನಾಲಿಗೆ ಮೊದಲಿನಷ್ಟು ಸಲೀಸಾಗಿ ಏಳುತ್ತಿಲ್ಲ. ಪ್ರಯತ್ನ ಮಾಡಿದೆ, ಆಗುತ್ತಿಲ್ಲ. ಕೂತು ಯೋಚನೆ ಮಾಡು.

ಹೊಟ್ಟೆ ತುಂಬ ಉಣ್ಣು, ನಿದ್ದೆ ಬಾಕಿ ಇಟ್ಟುಕೊಳ್ಳಬೇಡ. ನಿನ್ನ ಕೈ ಮುಟ್ಟಿದವರ ನೋವು ಇಳಿಯಲಿ, ನಿನ್ನ ಕೈಗೆ ಆಯಾಸವಾಗದಿರಲಿ, ಮುದುಕಿಯ ಆಯಸ್ಸಿನಲ್ಲಿ ಬೇಕಾದಷ್ಟು ನೀನೇ ತೆಗೆದುಕೋ. ಅಪ್ಪ, ಅಮ್ಮ ಇಬ್ಬರೂ ನಿನ್ನನ್ನು ಕೇಳಿದ್ದಾರೆ.

ನಿನ್ನ
ಅಜ್ಜಿ

ಮರೆತ ಮಾತು: ಸಂಜೆ ಐದಾಯಿತು, ಅಂಟಿಸಿದ ಕವರು ಮತ್ತೆ ಬಿಚ್ಚಿದ್ದೇನೆ. ಎದುರು ಗೋದಾಮು ಕಾಯುವ ತಾತ ಬಂದಿದ್ದರು, "ನನ್ನದೂ ಒಂದು ಸ್ವಲ್ಪ ಉಜ್ಜಿಕೊಡಮ್ಮ" ಅಂತ. ಹಿಮ್ಮಡಿಯ ಹತ್ತಿರ ದೊಡ್ಡ ದಡ್ಡು, ನಡುವೆ ಕಪ್ಪು. ಒತ್ತಿದೆ. ನೋವೇ ಇಲ್ಲ ಅಂದರು, ನಗುತ್ತಾ ಅಂದರು. ಸಕ್ಕರೆ ಕಾಯಿಲೆ ಇದೆಯಂತೆ. ನಿನ್ನ ಹಾಳೆಯ ಕೊನೇ ಸಾಲು ನೆನಪಾಯಿತು, ಸಕ್ಕರೆ ಕಾಯಿಲೆಯವರ ಕಾಲಿಗೆ ಮನೆಯಲ್ಲಿ ಕೈ ಹಾಕಬೇಡ, ನೋವಿರಬೇಕಾದ ಕಡೆ ನೋವಿಲ್ಲ ಅಂದರೆ ಅವತ್ತೇ ಡಾಕ್ಟರಿಗೆ ತೋರಿಸು ಅಂತ. ಕಲ್ಲು ಕೆಳಗಿಟ್ಟೆ. ಬೇಡ ಬೇಡ ಅಂದರೂ ಕೇಳದೆ ನಿನ್ನಪ್ಪನ ಗಾಡಿ ಹತ್ತಿಸಿದೆ. ಈಗ ನಿನ್ನಪ್ಪ ಬಂದ. ದಡ್ಡಿನ ಕೆಳಗೆ ಆಳವಾದ ಹುಣ್ಣಿತ್ತಂತೆ, ಮನೆಯಲ್ಲಿ ಕೆರೆದಿದ್ದರೆ ಪಾದ ಉಳಿಸುವುದು ಕಷ್ಟವಿತ್ತು, ಸರಿಯಾದ ಹೊತ್ತಿಗೆ ಕಳಿಸಿದವರು ಯಾರು ಅಂತ ಡಾಕ್ಟರು ಕೇಳಿದರಂತೆ. ನಿನ್ನಪ್ಪ ನಿನ್ನ ಹೆಸರು ಹೇಳಿದನಂತೆ. ತಾತನನ್ನು ಆಸ್ಪತ್ರೆಗೆ ಸೇರಿಸಿಕೊಂಡಿದ್ದಾರೆ, ಶುಕ್ರವಾರ ವಾಪಸ್ ಬರುತ್ತಾರೆ, ಒಂಟಿ ಮನುಷ್ಯ, ದಿನಾ ಆ ಕಾಲು ನೋಡಿಕೊಳ್ಳುವವಳು ನಾನೇ. ಏನು ಮಾಡಬೇಕು, ಏನು ಮಾಡಬಾರದು, ಅಲ್ಲಿ ದೊಡ್ಡವರನ್ನು ಕೇಳಿ ಬೇಗ ಬರೆ. ನನಗೆ ಗೊತ್ತಿರುವುದು ಒಂದು ಹಾಳೆಯಷ್ಟೇ ಮಗಳೇ. ನೀನು ಅಲ್ಲಿಂದ ಎದ್ದು ಬಂದುಬಿಟ್ಟರೆ ಉಳಿದದ್ದನ್ನು ನಾನು ಯಾರನ್ನು ಕೇಳಲಿ?