ರುದ್ರಿಯ ಸೀಟು

ಮಧುಗಿರಿ, ೧೨ ಜುಲೈ ೧೯೩೭. ಸಂಜೆ.

ರೇಸಿನ ಗಾಡಿಯ ಎಡಗಡೆ ಸೀಟು ಬಿಚ್ಚಿದ್ದಾಯಿತು. ಚರ್ಮ ಹಪ್ಪಳದಂತೆ ಮುರಿಯುತ್ತದೆ. ಒಳಗೆ ಕುದುರೆ ಕೂದಲು. ಅದರೊಳಗೆ ಇಲಿಗೂಡು. ಗೂಡಿನಲ್ಲಿ ನಮ್ಮದೇ ಬಸ್ಸಿನ ಟಿಕೀಟಿನ ಚೂರು. ಟಿಕೀಟು ತೆಗೆದುಕೊಂಡು ಹತ್ತಿದ ಇಲಿ... ನಗು ಬರಬೇಕಾಗಿತ್ತು. ಬರಲಿಲ್ಲ.

ಸ್ಪ್ರಿಂಗುಗಳು ಗಟ್ಟಿಯಾಗಿವೆ. ಕೆಳಗಿನ ಹಲಗೆ ಪೂರಾ ಹೋಗಿದೆ. ಡ್ಯಾಷ್‌ಬೋರ್ಡಿನ ಮರ ಬಿಸಿಲಿಗೆ ಬಿರಿದಿದೆ. ಗಾಡಿ ಮಾರಿದ ಚಿನ್ನದ ಗಣಿಯ ಇಂಗ್ಲಿಷ್ ದೊರೆ ಇದನ್ನು ಬಯಲಿನಲ್ಲೇ ನಿಲ್ಲಿಸುತ್ತಿದ್ದನಂತೆ. ರೇಸಿನ ಗಾಡಿ ಕೊಳ್ಳುವ ಶೋಕಿ ಇತ್ತು, ಒಂದು ಚಪ್ಪರ ಹಾಕಿಸುವ ಯೋಗ್ಯತೆ ಇರಲಿಲ್ಲ. ಎಂಜಿನ್ ಮಾತ್ರ ಹುಲಿ.

ನಮ್ಮ ಬಸ್ಸಿನ ಡ್ರೈವರ್ ಗಂಗಹನುಮಯ್ಯ ಬಂದು ನಾಳೆ ತುಮಕೂರಿನ ಟ್ರಿಪ್ಪಿಗೆ ಬರ್ತೀರಾ ಎಂದು ಕೇಳಿದ. ಇಲ್ಲ ಎಂದೆ. ಬಸ್ಸು ಓಡುವುದಕ್ಕೆ ಡ್ರೈವರ್ ಸಾಕು, ಮಾಲೀಕ ಬೇಕಾಗಿಲ್ಲ.

ಇದುವರೆಗೆ ಈ ಪುಸ್ತಕದಲ್ಲಿ ಬರೆದಿರಲಿಲ್ಲ. ಬರೆದುಬಿಡುತ್ತೇನೆ. ಇಂದ್ರ — ನನ್ನ ಹೆಂಡತಿ ಇಂದ್ರಮ್ಮ — ಮೇ ತಿಂಗಳಲ್ಲಿ ಶಿರಾದ ತವರುಮನೆಯಲ್ಲಿ ಹೆರಿಗೆಯಾಗಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಗಂಡು. ಮಗಳು ರುದ್ರಿ ಅಲ್ಲೇ ಅಜ್ಜಿಯ ಹತ್ತಿರ ಇದ್ದಾಳೆ. ಅವಳಿಗೆ ಐದು ವರ್ಷ.

ಬರೆದಾಯಿತು. ಏನೂ ಆಗಲಿಲ್ಲ. ಅವ್ವ ಊಟಕ್ಕೆ ಕರೆಯುತ್ತಿದ್ದಾಳೆ.

೧೫ ಜುಲೈ.

ಸಾರಿಗೆ ಉಪ್ಪು ಹಾಕಿರಲಿಲ್ಲವಂತೆ. ಅವ್ವನೇ ಹೇಳಿದ ಮೇಲೆ ಗೊತ್ತಾಯಿತು. ಎರಡು ಸಲ ಬಡಿಸಿಕೊಂಡು ಉಂಡಿದ್ದೆ.

ಡ್ಯಾಷ್‌ಬೋರ್ಡಿಗೆ ಸಾಗುವಾನಿ ಹಲಗೆ ಕೊಯ್ಸಿದೆ. ಮೀಟರುಗಳ ತೂತು ಕೊರೆಯುವುದರಲ್ಲಿ ಮಧ್ಯಾಹ್ನ ಹೋಯಿತು. ಕೈಗೆ ಕೆಲಸವಿದ್ದರೆ ತಲೆ ಸುಮ್ಮನಿರುತ್ತದೆ.

ಈ ಗಾಡಿ ತಂದ ದಿನ ಇಂದ್ರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ್ದಳು. "ಅಲ್ಲ, ಎರಡೇ ಸೀಟು. ರುದ್ರಿ ಎಲ್ಲಿ ಕೂರ್‍ಬೇಕು?"

"ನಿನ್ ತೊಡೆ ಮೇಲೆ."

"ತೊಡೆ ಮೇಲಕ್ಕೆ ಇನ್ನೊಂದು ಬತ್ತೈತಲ್ಲ. ಅದುನ್ನೇನು ಬಾನೆಟ್ ಮೇಲೆ ಕೂರಿಸ್ತೀರಾ?"

ಹಿಂದೆ ಸಾಮಾನು ಇಡುವ ಜಾಗದಲ್ಲಿ ರುದ್ರಿಗೊಂದು ಪುಟ್ಟ ಸೀಟು ಮಾಡುತ್ತೇನೆ ಎಂದಿದ್ದೆ. ಆಗ ಮಾಡಲಿಲ್ಲ. ಈಗ ಮಾಡುತ್ತಿದ್ದೇನೆ.

೧೯ ಜುಲೈ. ಶಿರಾದಿಂದ ಬಂದ ಮೇಲೆ.

ಇನ್ನೊಬ್ಬರ ಬಸ್ಸಿನಲ್ಲಿ ಹೋಗಿ ಬಂದೆ. ದಾರಿಯುದ್ದಕ್ಕೂ ಅವರ ಸೀಟು ಒತ್ತಿ ನೋಡಿದೆ. ಬರೀ ತೆಂಗಿನ ನಾರು. ಬಡವನಹಳ್ಳಿ ದಾಟುವ ಹೊತ್ತಿಗೆ ಬೆನ್ನು ನುಗ್ಗಾಗಿತ್ತು.

ರುದ್ರಿ ಅಜ್ಜಿಯ ಸೆರಗಿನ ಹಿಂದೆ ನಿಂತು ನೋಡಿದಳು. ಹತ್ತಿರ ಬರಲಿಲ್ಲ. ಆಮೇಲೆ ಅಲ್ಲಿಂದಲೇ ಕೇಳಿದಳು. "ಅಪ್ಪಯ್ಯ, ಗಾಡಿ ತಂದ್ಯಾ?"

"ನಿನ್ ಸೀಟು ಇನ್ನೂ ಆಗಿಲ್ಲ ಕಣಮ್ಮ."

"ಆದ್ಮೇಲೆ ಬತ್ತೀನಿ."

ಅತ್ತೆ ಚನ್ನಮಲ್ಲಮ್ಮನವರು ಮಜ್ಜಿಗೆ ಕೊಟ್ಟು, ನಿಂತೇ ಮಾತಾಡಿದರು. "ನೋಡಿ, ರುದ್ರಿ ಮಗ ತಾನಾಗಿ ಗಾಡಿ ಹತ್ತಿ ಕೂತ್ರೆ ಕರ್ಕಂಡೋಗಿ. ನಾನು ಅಡ್ಡ ಬರಕಿಲ್ಲ. ಅಳಿಸ್ಕಂಡು ಎಳ್ಕಂಡೋಗೋದಾದ್ರೆ ಮಾತ್ರ ಕಳ್ಸಕಿಲ್ಲ. ದಸರಾ ಆದ್ಮೇಲೆ ಇಲ್ಲೇ ಸ್ಕೂಲಿಗೆ ಹಾಕ್ತೀವಿ. ಆಮೇಲೆ ಅದು ಈ ಊರ ಮಗಾನೇ."

ಸರಿ ಎಂದೆ. ಮಗಳು ಬರದಿದ್ದರೆ ಈ ಮನೆಯಲ್ಲಿ ನಾನು, ಅವ್ವ, ಒಂದು ಗಾಡಿ. ಇದನ್ನು ನೆನೆದರೆ ಹೆದರಿಕೆಯಾಗಬೇಕು. ಆಗಲಿಲ್ಲ, ನಿದ್ದೆ ಬಂದಂತಾಯಿತು.

೨ ಆಗಸ್ಟ್.

ನಮ್ಮ ಬಸ್ಸಿನ ಸೀಟು ಹೊಲಿಯುವ ಖಾಸಿಂ ಸಾಬರು ಬಂದಿದ್ದರು. ಕುದುರೆ ಕೂದಲು ಹಿಂಜಿ ನೋಡಿ "ಖರಾಬ್ ಆಗೈತೆ ಸ್ವಾಮಿ, ಬಿಸಾಕಿ" ಎಂದರು. ಕೆಳಗೆ ನಾರು, ಮೇಲೆ ಬೂರುಗದ ಹತ್ತಿ, ಅದರ ಮೇಲೆ ಚರ್ಮ ಎಂದು ಮಾತಾಯಿತು. ಮದರಾಸಿನ ಕೆಂಪು ಚರ್ಮ ತರಿಸಬಹುದಂತೆ.

ಅವ್ವ ಹಿತ್ತಿಲ ಬಾಗಿಲಿಗೆ ಬಂದಳು. "ಚರ್ಮ ಗಿರ್ಮ ಎಲ್ಲ ಆಚೆಗೆ. ಲಿಂಗಪೂಜೆ ಆಗೋ ಮನೆ ಇದು."

"ಹಳೇದೂ ಚರ್ಮಾನೇ ಅಲ್ವೇನವ್ವ?"

"ಅದು ದೊರೆ ಹಾಕ್ಸಿದ್ದು. ಇದು ನೀನು ಹಾಕ್ಸೋದು. ಮಗ ಕೂರೋ ಸೀಟಿಗೆ ಚರ್ಮ ಬ್ಯಾಡ ಕಣಪ್ಪ. ಬಟ್ಟೆ ಹಾಕು."

ವಾದ ಮಾಡುವಷ್ಟು ಆಸಕ್ತಿ ಇರಲಿಲ್ಲ. ಬಟ್ಟೆ ಎಂದರೆ ಬಟ್ಟೆ. ಸಾಬರು ಬೀಡಿ ಹಚ್ಚಿಕೊಂಡು ಎಲ್ಲಾದರೂ ಒಳ್ಳೇ ಗಟ್ಟಿ ರೇಷ್ಮೆ ನೋಡಿ ಎಂದು ಹೇಳಿ ಹೋದರು.

೯ ಆಗಸ್ಟ್.

ಇಂದ್ರನ ಪೆಟ್ಟಿಗೆ ತೆಗೆದೆ. ಕೆಂಪು ಮೊಳಕಾಲ್ಮೂರು ರೇಷ್ಮೆ ಸೀರೆ, ದೊಡ್ಡ ಜರಿ ಅಂಚು. ಜೋಡಿ ತಂದಿದ್ದೆವು. ಒಂದು ಅವಳು ಉಟ್ಟುಕೊಂಡೇ ಹೋದಳು. ಇದು ಉಳಿದದ್ದು.

ಕತ್ತರಿ ಹಾಕಿದೆ. ಏನೂ ಅನ್ನಿಸಲಿಲ್ಲ. ಒಳ್ಳೇ ನೇಯ್ಗೆ, ಕತ್ತರಿ ಸಲೀಸಾಗಿ ಓಡಿತು ಎನ್ನಿಸಿತು, ಅಷ್ಟೇ.

ಅವ್ವ ನೋಡಿ ಕಿರುಚಿದಳು. "ಮುತ್ತೈದೆ ಸೀರೆ ಕತ್ತರಿಸ್ಬುಟ್ಯಾ! ನಿಂಗೇನು ಎದೇಲಿ ಕಲ್ಲೈತೇನೋ?"

"ರುದ್ರಿ ಸೀಟಿಗೆ."

ಅವಳು ನೆಲದಲ್ಲಿ ಕೂತು ಚೂರುಗಳನ್ನು ಆರಿಸಿದಳು. ಆಮೇಲೆ ಜರಿಯಂಚನ್ನು ಬೇರೆ ತೆಗೆದು ಮಡಚಿಟ್ಟು, "ಇದುನ್ನ ಒರಗೋ ಹಲಗೆ ಸುತ್ತ ಕೊಡು, ಚೆಂದಾಗಿರ್ತೈತೆ" ಎಂದಳು.

೩೦ ಆಗಸ್ಟ್.

ಮುಂದಿನ ಎರಡು ಸೀಟು ಇನ್ನೂ ಹಾಗೇ ಇವೆ, ಗೋಣಿ ಹಾಸಿ ಕೂರುತ್ತೇನೆ. ಹಿಂದಿನದೇ ಮುಖ್ಯ.

ರುದ್ರಿಯ ಸೀಟು ಮುಗಿಯಿತು. ಬೆನ್ನಿಗೆ ಎತ್ತರದ ಸಾಗುವಾನಿ ಹಲಗೆ, ತಲೆ ಅಲ್ಲಾಡದಂತೆ. ಎರಡು ಕಡೆ ಕೈಯಿಡುವುದಕ್ಕೆ ದಿಂಬು. ಕೆಂಪು ರೇಷ್ಮೆ, ಸುತ್ತ ಜರಿ. ತಿರುವಿನಲ್ಲಿ ಬೀಳಬಾರದೆಂದು ಅದೇ ಸೀರೆಯ ಅಗಲವಾದ ಪಟ್ಟಿ — ಎದೆಯ ಮೇಲೆ ಹಾಯ್ದು ಹಲಗೆಯ ಹಿಂದೆ ಗಂಟು. ಖಾಸಿಂ ಸಾಬರು ಎಳೆದು ನೋಡಿ ಪಕ್ಕಾ ಎಂದರು.

ನಾನು ಕೈಯಾರೆ ಮಾಡಿದ ಕೆಲಸಗಳಲ್ಲೆಲ್ಲ ಇದೇ ಚೆನ್ನಾಗಿರುವುದು. ಇಷ್ಟು ಮಾತ್ರ ಸಂತೋಷ ಎನ್ನಬಹುದು.

೫ ಸೆಪ್ಟೆಂಬರ್. ಬೆಳಗ್ಗೆ.

ಶಿರಾಕ್ಕೆ ಹೊರಡುತ್ತಿದ್ದೇನೆ. ಅವ್ವ ಹೊಸ ಸೀಟಿಗೆ ಪೂಜೆ ಮಾಡಿದಳು. ಹಲಗೆಗೆ ಮೂರು ಬೆರಳಿನ ವಿಭೂತಿ. ಎರಡು ಕಡೆ ಮಲ್ಲಿಗೆ, ಕನಕಾಂಬರದ ಮಾಲೆ ಇಳಿಬಿಟ್ಟಳು. "ಮಗ ಖುಷಿಯಾಯ್ತದೆ" ಎಂದಳು. ರುದ್ರಿಗೆ ಪಾಯಸ ಮಾಡಿಡುತ್ತಾಳಂತೆ.

ಅದೇ ದಿನ. ಸಂಜೆ.

ಒಬ್ಬನೇ ಬಂದೆ.

ನಡೆದದ್ದು ನಡೆದಂತೆ ಬರೆಯುತ್ತೇನೆ. ರುದ್ರಿ ಓಡಿ ಬಂದಳು. ಹೊಸ ಲಂಗ ಹಾಕಿದ್ದಳು. ಗಾಡಿಯ ಹಿಂದಕ್ಕೆ ಹೋಗಿ ಸೀಟು ನೋಡಿ ನಿಂತುಬಿಟ್ಟಳು. ನಾಚಿಕೆಯೇನೋ ಅಂದುಕೊಂಡೆ. ಎತ್ತಿ ಕೂರಿಸಿದೆ. ಪಟ್ಟಿ ಸುತ್ತಿ ಹಿಂದೆ ಗಂಟು ಹಾಕಿದೆ. ಅಳಲಿಲ್ಲ, ಒದೆಯಲಿಲ್ಲ. ಬೆನ್ನು ನೆಟ್ಟಗೆ ಮಾಡಿದಳು. ಎರಡು ಅಂಗೈ ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡಳು. ಕಣ್ಣು ಮುಚ್ಚಿದಳು. ಆಟ ಆಡುತ್ತಿದ್ದಾಳೆ ಎಂದುಕೊಂಡು ಗಾಡಿ ಬಿಟ್ಟೆ.

ಬೀದಿಯ ಕೊನೆಯಲ್ಲಿ ಹಿಂದಿನಿಂದ ಸಣ್ಣ ದನಿ. "ಅಪ್ಪಯ್ಯ, ಮಣ್ಣು ಯಾವಾಗ ಹಾಕ್ತೀರಾ?"

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸುತ್ತೇವೆ. ಬೆನ್ನಿಗೆ ಹಲಗೆ ಕೊಟ್ಟು, ಎದೆಗೆ ಬಟ್ಟೆ ಸುತ್ತಿ ಕಟ್ಟಿ, ವಿಭೂತಿ ಇಟ್ಟು, ಹೂವು ಇಳಿಬಿಟ್ಟು, ಅಂಗೈಯಲ್ಲಿ ಲಿಂಗವಿಟ್ಟು, ಕೂತಂತೆಯೇ ಮಣ್ಣಿಗೆ ಇಳಿಸುತ್ತೇವೆ. ಇಂದ್ರನನ್ನೂ ಹಾಗೇ, ಕೆಂಪು ಸೀರೆಯಲ್ಲಿ. ರುದ್ರಿ ಕಂಬ ಹಿಡಿದುಕೊಂಡು ಎಲ್ಲವನ್ನೂ ನೋಡಿದ್ದಳಂತೆ. ಅವಳನ್ನು ಆಚೆ ಕಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಾನು ಅಲ್ಲೇ ಇದ್ದೆ. ಹಲಗೆಗೆ ಉಜ್ಜುಗೊರಡು ಹಾಕಿ ನುಣುಪು ಮಾಡಿಲ್ಲವಲ್ಲ ಎಂದು ನೋಡುತ್ತಿದ್ದೆ.

ಅತ್ತೆ ಬೀದಿಯಲ್ಲಿ ಓಡಿ ಬಂದು ಗಂಟು ಬಿಚ್ಚಿದರು. ರುದ್ರಿ ಕಣ್ಣು ತೆರೆಯಲಿಲ್ಲ. "ಏನ್ ಮಾಡ್ಬುಟ್ರಿ ನೀವು..." ಎಂದರು. ಬೈಯಲೂ ಇಲ್ಲ. "ಇನ್ನು ಮಗ ಇಲ್ಲೇ ಇರ್ಲಿ" ಎಂದು ಎತ್ತಿಕೊಂಡು ಹೋದರು.

೬ ಸೆಪ್ಟೆಂಬರ್.

ಸೀಟು ಕಿತ್ತೆ. ಪಟ್ಟಿ, ಹಲಗೆ, ಜರಿ, ಎಲ್ಲ. ಅವ್ವ ಹಿತ್ತಿಲಲ್ಲಿ ಕೂತು ಅತ್ತಳು. "ಹೂವ ನಾನೇ ಹಾಕ್ದೆ ಕಣೋ. ಈ ಕೈಯಾರೆ ಹಾಕ್ದೆ." ಪಕ್ಕದಲ್ಲಿ ಕೂತಿದ್ದೆ.

ಇಷ್ಟು ದಿನಗಳಲ್ಲಿ ಮೊದಲ ಸಲ ಏನೋ ಆಯಿತು. ನಾಚಿಕೆ. ಅಳು ಬಂದಿದ್ದರೆ ಒಳ್ಳೆಯದಿತ್ತು.

೨೨ ಸೆಪ್ಟೆಂಬರ್.

ಗಾಡಿ ಮುಟ್ಟಿಲ್ಲ. ಬಸ್ಸಿನ ಜೊತೆ ತುಮಕೂರಿಗೆ ಹೋಗಿ ಬರುತ್ತಿದ್ದೇನೆ. ಗಂಗಹನುಮಯ್ಯ ಕೇಳಿದ. "ಆ ಗಾಡಿ ಮಾರ್ಬುಡ್ತೀರಾ ಸ್ವಾಮಿ?"

"ಮಾರ್ಬುಡೋಣ."

"ಮಗೀಗೆ ಒಂದು ಮಾತು ಕೇಳಿ ಮಾರಿ. ಅದ್ರದೂ ಅಲ್ವಾ ಗಾಡಿ?"

ಏನು ಕೇಳುವುದು, ಹೇಗೆ ಕೇಳುವುದು. ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ಆಶ್ಚರ್ಯವೂ ಆಯಿತು.

ಶಿರಾ, ೩ ಅಕ್ಟೋಬರ್. ಮಧ್ಯಾಹ್ನ.

ಕರೆದುಕೊಂಡು ಹೋಗುವುದಕ್ಕೆ ಬಂದಿಲ್ಲ ಎಂದು ಅತ್ತೆಗೆ ಮೊದಲೇ ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು "ನಿಮಗೇನು ಗೊತ್ತಿತ್ತು, ಬುಡಿ. ಊಟಕ್ಕೆ ಏಳಿ" ಎಂದರು. ಗಾಡಿಯನ್ನು ಬೇವಿನ ಮರದ ಕೆಳಗೆ ಬಿಟ್ಟಿದ್ದೆ. ಮುಂದೆ ಗೋಣಿ ಹಾಸಿದ ಸೀಟು, ಹಿಂದೆ ಬರೀ ತಗಡು.

ಊಟವಾಗಿ ಜಗಲಿಗೆ ಬಂದರೆ ರುದ್ರಿ ಗಾಡಿಯ ಸುತ್ತ ತಿರುಗುತ್ತಿದ್ದಳು. ಹಿಂದೆ ಇಣುಕಿ ನೋಡಿದಳು.

"ಅದು ಎಲ್ಲಿ?"

"ಕಿತ್ತಾಕ್ದೆ."

"ಎಲ್ಲಾನೂ?"

"ಎಲ್ಲಾನೂ."

ತಗಡಿನ ಮೇಲೆ ಅಂಗೈ ಆಡಿಸಿ ನೋಡಿದಳು. ಆಮೇಲೆ ತಾನೇ ಬಾಗಿಲು ತೆಗೆದು ಡ್ರೈವರ್ ಸೀಟಿಗೆ ಹತ್ತಿದಳು. ಸ್ಟಿಯರಿಂಗ್ ಹಿಡಿದಳು. ತಲೆ ಕಾಣುತ್ತಲೇ ಇರಲಿಲ್ಲ.

"ನೀನು ಆ ಕಡೆ ಕೂತ್ಕ."

ಎಡಗಡೆ ಇಂದ್ರ ಕೂರುತ್ತಿದ್ದ ಜಾಗ. ಗಾಡಿ ತಂದ ಮೇಲೆ ನಾನು ಅಲ್ಲಿ ಒಂದು ದಿನವೂ ಕೂತಿರಲಿಲ್ಲ. ಕೂತೆ. ಮೊಣಕಾಲು ಹಿಡಿಸುವುದಿಲ್ಲ, ಬಾಗಿಲ ಕಬ್ಬಿಣ ಸೊಂಟಕ್ಕೆ ಒತ್ತುತ್ತದೆ. ತುಂಬಿದ ಬಸುರಿ ಹೀಗೆ ಕೂತು ಬರುತ್ತಿದ್ದಳು. ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ. ಗೋಣಿಯ ಅಂಚು ಹಿಡಿದುಕೊಂಡೆ. ಕಣ್ಣು ಮುಚ್ಚಿದೆ.

ರುದ್ರಿ ನನ್ನ ತೋಳು ಹಿಡಿದು ಜಗ್ಗಿದಳು. "ಅಪ್ಪಯ್ಯ! ಕಣ್ಣು ಮುಚ್ಚಬ್ಯಾಡ. ನಾನು ನಿನ್ನ ಕಟ್ಟಿಲ್ಲ. ಕಣ್ಣು ಬಿಟ್ಕಂಡಿರು."

ಬಿಟ್ಟೆ. ಬಿಟ್ಟ ಮೇಲೆ ಅಳು ಬಂತು. ಬೀದಿಯಲ್ಲಿ, ಹಗಲು ಹೊತ್ತಿನಲ್ಲಿ, ಸಂತೆಗೆ ಹೋಗುವವರೆಲ್ಲ ನಿಂತು ನೋಡುತ್ತಿದ್ದಾಗ, ಇಷ್ಟುದ್ದ ಮೀಸೆ ಇಟ್ಟುಕೊಂಡು ನಾನು ಅತ್ತುಬಿಟ್ಟೆ. ಇಂದ್ರ ಇಲ್ಲ. ಅವಳು ಇಲ್ಲ. ರುದ್ರಿ ಬಾಯಲ್ಲಿ ಬುರ್ರೆಂದು ಎಂಜಿನ್ ಶಬ್ದ ಮಾಡುತ್ತ, ಮಧ್ಯೆ ಮಧ್ಯೆ ತಿರುಗಿ ನನ್ನ ಕಣ್ಣು ತೆರೆದಿದೆಯೇ ಎಂದು ನೋಡುತ್ತ, ಬಹಳ ಹೊತ್ತು ಗಾಡಿ ಓಡಿಸಿದಳು.

ಇವತ್ತು ಇಲ್ಲೇ ಉಳಿಯಿರಿ ಎಂದಿದ್ದಾರೆ ಅತ್ತೆ.

ಶಿರಾ, ೪ ಅಕ್ಟೋಬರ್. ಬೆಳಗ್ಗೆ.

ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ರೇಡಿಯೇಟರಿಗೆ ನೀರು ಹಾಕಿಯಾಯಿತು. ಹೊರಡಬೇಕು. ಗೋಣಿ ಒದರಿ ಹಾಸುತ್ತಿದ್ದಾಗ ರುದ್ರಿ ಪಕ್ಕದಲ್ಲೇ ನಿಂತಿದ್ದಳು. ಕೇಳಬಾರದು ಎಂದುಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿತು. "ನೀನು ಬರೋ ಹಾಗಿದ್ರೆ ಎಲ್ಲಿ ಕೂರ್ತೀಯ?"

"ಅಮ್ಮ ಕೂರ್ತಿದ್ಲಲ್ಲ, ಅಲ್ಲಿ."

ನಾನು ಗೋಣಿಯ ಮೂಲೆ ಎಳೆದು ಸರಿಮಾಡಿದೆ.

"ಅಮ್ಮ ಬರಕಿಲ್ವಲ್ಲ ಅಪ್ಪಯ್ಯ," ಎಂದಳು, ನನಗೆ ಗೊತ್ತಿಲ್ಲವೇನೋ ಎಂಬಂತೆ, ಮೆಲ್ಲಗೆ.

ಈಗ ಹತ್ತಿ ಕೂತಿದ್ದಾಳೆ. ಯಾರೂ ಕೂರಿಸಿಲ್ಲ. ಬಾಗಿಲ ಕಬ್ಬಿಣವನ್ನು ಎರಡು ಕೈಯಲ್ಲಿ ಹಿಡಿದು ಜಗಲಿಯ ಕಡೆ ನೋಡುತ್ತಿದ್ದಾಳೆ. ಬೇಗ ಬಾ ಎನ್ನುತ್ತಿದ್ದಾಳೆ. ಒಳಗೆ ಅತ್ತೆ ಪೆಟ್ಟಿಗೆ ತೆಗೆದ ಸದ್ದು. ಈಗ ಹೊಸಿಲು ದಾಟಿ ಬಂದರು. ಕೈಯಲ್ಲಿ ಲಂಗಗಳ ಗಂಟು. ನನ್ನ ಕಡೆ ನೋಡಲಿಲ್ಲ. ನೆಟ್ಟಗೆ ಗಾಡಿಯ ಹತ್ತಿರ ಹೋಗಿ, ಗಂಟನ್ನು ಅವಳ ಕಾಲ ಹತ್ತಿರ ಇಟ್ಟು, ಅವಳ ತಲೆಯ ಮೇಲೆ ಕೈಯಿಟ್ಟರು. ರುದ್ರಿ ಕರೆಯುತ್ತಿದ್ದಾಳೆ, ಹೊರಟೆ.